ಹೃದಯದ ತೂತು ಮುಚ್ಚಿದ ಮೇಲೆ ರಕ್ತಪರೀಕ್ಷೆಯಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಅನ್ನುವ ನಂಬರ್ ಜಾಸ್ತಿ ಆಗಿದೆ. ಯಾರಿಗಾದರೂ ಹೀಗಾಗಿತ್ತಾ?

ಲೆಕ್ಕದಟೀಚರ್ · ಜೂನ್ 9, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಹಾಸನದ ಹತ್ತಿರ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಹುಟ್ಟಿದಾಗಿನಿಂದ ಹೃದಯದಲ್ಲಿ ತೂತು ಇತ್ತಂತೆ. ಗೊತ್ತಾಗಿದ್ದು ಈ ವರ್ಷ. ಶಾಲೆ ಮಕ್ಕಳ ಜೊತೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಏದುಸಿರು ಬಂದು ಕೂತುಬಿಟ್ಟೆ. ರಕ್ತ ಕಮ್ಮಿ ಇರಬೇಕು ಅಂದುಕೊಂಡರೆ ಹಿಮೋಗ್ಲೋಬಿನ್ 12.4 ಇತ್ತು. ಆಮೇಲೆ ಇಸಿಜಿ, ಎಕೋ. ಎಎಸ್‌ಡಿ ಅಂದರು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 19 ಮಿಲಿಮೀಟರ್ ತೂತು, ಬಲಗಡೆ ಕೋಣೆಗಳು ಹಿಗ್ಗಿವೆ ಅಂತ ಬರೆದರು.

ಮೇ 31ಕ್ಕೆ ಬೆಂಗಳೂರಿನಲ್ಲಿ ತೊಡೆಯ ರಕ್ತನಾಳದಿಂದ ಡಿವೈಸ್ ಕಳಿಸಿ ಮುಚ್ಚಿದರು. ಎದೆ ಕೊಯ್ಯಲಿಲ್ಲ. ಮೂರನೇ ದಿನ ಮನೆಗೆ ಬಂದೆ. ಎಲ್ಲ ಚೆನ್ನಾಗಿ ಆಗಿದೆ ಅಂದರು. ನಾನು ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಓದಿದ್ದೇ ತಪ್ಪಾಯಿತು ನೋಡಿ.

ಮುಚ್ಚುವ ಮೊದಲು ಎನ್‌ಟಿ-ಪ್ರೊಬಿಎನ್‌ಪಿ 310. ಮುಚ್ಚಿದ ಮಾರನೇ ದಿನ 540. ಪಕ್ಕದಲ್ಲಿ 125ರ ಒಳಗಿರಬೇಕು ಅಂತಿದೆ. ಟ್ರೋಪೋನಿನ್ ಮುಂದೆಯೂ ಕೆಂಪಕ್ಷರದಲ್ಲಿ 'ಹೈ'. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲನೆಯದು ಹಾರ್ಟ್ ಫೇಲ್ಯೂರ್ ಗುರುತು, ಎರಡನೆಯದು ಹಾರ್ಟ್ ಅಟ್ಯಾಕ್ ಗುರುತು ಅನ್ನುತ್ತದೆ. ರಿಪೇರಿ ಮಾಡಿದ ಮೇಲೆ ನೂರಕ್ಕೆ 74ರಷ್ಟು ಜಾಸ್ತಿ ಆಗುವುದು ಯಾವ ಲೆಕ್ಕ? ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಮನೆಯವರು "ಡಾಕ್ಟರೇ ಸರಿ ಇದೆ ಅಂದಮೇಲೆ ನಿನ್ನದೇನು" ಅಂತಾರೆ. ಚೆಕಪ್‌ಗೆ ಇನ್ನೂ ಮೂರು ವಾರ ಇದೆ.

ಬೀಟ್‌ತಪ್ಪಿದವ · ಜೂನ್ 9, ರಾತ್ರಿ 11.05

ಮೇಡಂ, ಮೊದಲು ಆ ಫೋನ್ ಕೆಳಗಿಟ್ಟು ಮಲಗಿರಿ. ನಾನು ಧಾರವಾಡದವ, 56 ವರ್ಷ. ನನ್ನದೂ ಎಎಸ್‌ಡಿ. ಆದರೆ ತೂತಿನ ಸುತ್ತ ಡಿವೈಸ್ ಹಿಡಿದುಕೊಳ್ಳಲು ಅಂಚು ಸಾಲದು ಅಂತ 49ನೇ ವರ್ಷಕ್ಕೆ ಎದೆ ತೆರೆದು ಪ್ಯಾಚ್ ಹಾಕಿದರು. ನನ್ನ ಟ್ರೋಪೋನಿನ್ ಎಷ್ಟಿತ್ತು ಅಂತ ಹೇಳಿದರೆ ನೀವು ಇನ್ನೂ ಮೂರು ರಾತ್ರಿ ನಿದ್ದೆ ಮಾಡಲಿಕ್ಕಿಲ್ಲ. ಹೃದಯಕ್ಕೆ ಕತ್ತರಿ ಹಾಕಿ, ನಿಲ್ಲಿಸಿ, ಹೊಲಿದು ಮತ್ತೆ ಶುರು ಮಾಡಿದರೆ ಅದು ಏರದೆ ಇನ್ನೇನು? ಏಳು ವರ್ಷ ಆತು. ಇನ್ನೂ ಇದ್ದೇನೆ, ಬೆಳಿಗ್ಗೆ ಕೆಲಗೇರಿ ಕೆರೆ ದಂಡೆ ಮ್ಯಾಲೆ ವಾಕಿಂಗೂ ಹೋಗ್ತೇನೆ.

ರಾತ್ರಿಪಾಳಿ · ಜೂನ್ 10, ಬೆಳಗಿನ ಜಾವ 4.15

ನಾನು ಕಾರ್ಡಿಯಾಲಜಿ ಓದುತ್ತಿರುವ ಡಾಕ್ಟರ್. ನಿಮ್ಮ ಫೈಲ್ ನನ್ನ ಮುಂದೆ ಇಲ್ಲ. ಹಾಗಾಗಿ ಇದನ್ನು ಸಲಹೆ ಅಂತ ತೆಗೆದುಕೊಳ್ಳಬೇಡಿ, ವಿವರಣೆ ಅಂತ ತೆಗೆದುಕೊಳ್ಳಿ.

ಈ ಎನ್‌ಟಿ-ಪ್ರೊಬಿಎನ್‌ಪಿ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಹೃದಯದ ಕೆಳಗಿನ ಕೋಣೆಗಳ ಗೋಡೆ ಹಿಗ್ಗಿದಾಗ ಆ ಸ್ನಾಯು ಒಂದು ಪ್ರೋಟೀನ್ ಬಿಡುಗಡೆ ಮಾಡುತ್ತದೆ. ಅದು ಕಿಡ್ನಿಗೆ "ನೀರು, ಉಪ್ಪು ಹೊರಗೆ ಹಾಕು" ಅಂತ ಕಳಿಸುವ ಸುದ್ದಿ. ಗೋಡೆಗೆ ಎಳೆತ ಜಾಸ್ತಿ ಆದರೆ ಸುದ್ದಿಯೂ ಜಾಸ್ತಿ. ಆ ಎಳೆತ ಯಾಕೆ ಬಂತು ಅನ್ನುವುದನ್ನು ಮಾತ್ರ ಈ ನಂಬರ್ ಹೇಳುವುದಿಲ್ಲ.

ಈಗ ನಿಮ್ಮ ವಿಷಯ. ಕಾಲುವೆಯ ದಂಡೆ ಒಡೆದು ನೀರು ಪಕ್ಕದ ಗದ್ದೆಗೆ ನುಗ್ಗುತ್ತಿದೆ ಅಂತ ಇಟ್ಟುಕೊಳ್ಳಿ. ಪಕ್ಕದ ಗದ್ದೆ ಕೆಸರು, ಕೊನೇ ಗದ್ದೆಗೆ ನೀರು ಸಾಲದು. ನಿಮ್ಮ ಎಡಗಡೆಯ ರಕ್ತ ತೂತಿನಿಂದ ಬಲಗಡೆಗೆ ಹೀಗೇ ಹರಿಯುತ್ತಿತ್ತು. ಬಲಗಡೆ ಹಿಗ್ಗಿತು. ಎಡ ಕೆಳಕೋಣೆ 43 ವರ್ಷ ಕಡಿಮೆ ರಕ್ತಕ್ಕೇ ಒಗ್ಗಿಕೊಂಡಿತ್ತು. ಒಂದು ಬೆಳಿಗ್ಗೆ ನೀವು ದಂಡೆ ಮುಚ್ಚಿದಿರಿ. ಪೂರ್ತಿ ನೀರು ಕೊನೇ ಗದ್ದೆಗೆ ಬಂತು. ಎಡಕೋಣೆಯ ಗೋಡೆ ಹಿಗ್ಗದೆ ಇರುತ್ತದಾ? ಜೊತೆಗೆ ಡ್ರಿಪ್ ಬೇರೆ ಹಾಕಿರುತ್ತಾರೆ. ಹಾಗಾಗಿ ಎಎಸ್‌ಡಿ ಮುಚ್ಚಿದ ಒಂದೆರಡು ದಿನ ಈ ನಂಬರ್ ಏರಿ, ಆಮೇಲೆ ತಿಂಗಳುಗಳಲ್ಲಿ ಇಳಿಯುವುದು ನಾವು ನೋಡುತ್ತಿರುವ ವಿಷಯವೇ.

ವಯಸ್ಸಾದವರಲ್ಲಿ, ಬಿಪಿಯಿಂದ ಎಡಕೋಣೆ ಗಡುಸಾದವರಲ್ಲಿ ಈ ಏರಿಕೆ ತಮಾಷೆ ಅಲ್ಲ. ಅಂಥವರಿಗೆ ಮುಚ್ಚಿದ ಕೂಡಲೇ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದಕ್ಕೇ ಅನುಮಾನ ಇದ್ದರೆ ಮೊದಲು ಬಲೂನಿನಿಂದ ಸ್ವಲ್ಪ ಹೊತ್ತು ತೂತು ಮುಚ್ಚಿ, ಎಡಗಡೆ ಒತ್ತಡ ಎಷ್ಟು ಏರುತ್ತದೆ ಅಂತ ನೋಡುತ್ತಾರೆ. ನಿಮ್ಮನ್ನು ಮೂರನೇ ದಿನ ಮನೆಗೆ ಕಳಿಸಿದ್ದಾರೆ ಅಂದರೆ ಅಂಥದ್ದೇನೂ ಕಂಡಿರಲಿಕ್ಕಿಲ್ಲ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಆ ಮಾರನೇ ದಿನದ ಟೆಸ್ಟ್ ಬೇಕಾಗಿಯೇ ಇರಲಿಲ್ಲ. ಟ್ರೋಪೋನಿನ್ ಕೂಡ ಅಷ್ಟೇ. ಹೃದಯದ ಒಳಗೆ ತಂತಿ, ಡಿಸ್ಕ್ ಎಲ್ಲ ಓಡಾಡಿದ ಮೇಲೆ ಸ್ವಲ್ಪ ಏರುತ್ತದೆ.

ಆದರೆ ಇವು ಬಂದರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ: ಇದ್ದಕ್ಕಿದ್ದ ಹಾಗೆ ಎದೆನೋವು, ತಲೆ ಸುತ್ತಿ ಬೀಳುವುದು, ಮಲಗಿದರೆ ಉಸಿರು ಕಟ್ಟುವುದು, ಬಿಡದ ಜ್ವರ. ಡಿವೈಸ್ ಹೃದಯದ ಗೋಡೆಯನ್ನು ಉಜ್ಜಿ ಸವೆಸುವುದು ಬಹಳ ಅಪರೂಪ. ಆದರೂ ಅದು ಹೀಗೇ ಶುರುವಾಗುತ್ತದೆ.

ಲೆಕ್ಕದಟೀಚರ್ · ಜೂನ್ 10, ಬೆಳಿಗ್ಗೆ 6.30

ಡಾಕ್ಟರೇ, ಆ ಗದ್ದೆ ಲೆಕ್ಕ ನನ್ನ ಮನೆಯವರಿಗೂ ಓದಿ ಹೇಳಿದೆ. "ನಾನೂ ಅದನ್ನೇ ಹೇಳಿದ್ದು" ಅಂದರು. ಅವರೇನೂ ಹೇಳಿರಲಿಲ್ಲ.

ಒಂದು ಪ್ರಶ್ನೆ. ಬಿಎನ್‌ಪಿ ಅಂದರೆ ಬ್ರೇನ್ ಅಂತ ಏನೋ ಇದೆಯಲ್ಲ. ಹೃದಯದ್ದಾದರೆ ಮೆದುಳು ಯಾಕೆ ಬಂತು?

ಲ್ಯಾಬ್‌ಒಳಗಿಂದ · ಜೂನ್ 10, ಮಧ್ಯಾಹ್ನ 1.40

ಇದಕ್ಕೆ ನಾನು ಉತ್ತರಿಸುತ್ತೇನೆ, ನನ್ನ ಹೊಟ್ಟೆಪಾಡು ಅದೇ. 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಇದು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ. ಹಾಗಾಗಿ ಹೆಸರಿನಲ್ಲಿ ಬ್ರೇನ್ ಸೇರಿತು. ಆಮೇಲೆ ನೋಡಿದರೆ ಜಾಸ್ತಿ ತಯಾರಾಗುವುದು ಹೃದಯದಲ್ಲಿ. ಹೆಸರು ಮಾತ್ರ ಹಾಗೇ ಉಳಿಯಿತು.

ಲೆಕ್ಕದ ಟೀಚರ್‌ಗೆ ಇಷ್ಟ ಆಗುವ ವಿಷಯ ಒಂದಿದೆ. ಪ್ರೊಬಿಎನ್‌ಪಿ ಅನ್ನುವ ಸರ 108 ಅಮೈನೋ ಆಮ್ಲಗಳದ್ದು. ಅದು ತುಂಡಾಗಿ ಎರಡಾಗುತ್ತದೆ. 32ರ ತುಂಡು ಬಿಎನ್‌ಪಿ, ಕೆಲಸ ಮಾಡುವುದು ಅದೇ. 76ರ ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಅದು ಸುಮ್ನೆ ರಕ್ತದಲ್ಲಿ ತೇಲುವ ಸಿಪ್ಪೆ. ಬಿಎನ್‌ಪಿ ಸುಮಾರು 20 ನಿಮಿಷದಲ್ಲಿ ಅರ್ಧ ಆಗಿಬಿಡುತ್ತದೆ. ಸಿಪ್ಪೆ ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಅಳೆಯಲು ಅದೇ ಸಲೀಸು.

ಇನ್ನೊಂದು ಮಾತು. ಈ ನಂಬರ್ ಒಬ್ಬರದ್ದನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ. ವಯಸ್ಸಾದ ಹಾಗೆ ಏರುತ್ತದೆ. ಹೆಂಗಸರಿಗೆ ಗಂಡಸರಿಗಿಂತ ಸ್ವಲ್ಪ ಜಾಸ್ತಿ. ಕಿಡ್ನಿ ಸೊರಗಿದ್ದರೆ ಜಾಸ್ತಿ. ದಪ್ಪ ಇರುವವರಿಗೆ ಕಮ್ಮಿ ತೋರಿಸುತ್ತದೆ. ಹೃದಯ ಅದೇ ಸ್ಥಿತಿಯಲ್ಲಿದ್ದರೂ ನೂರಕ್ಕೆ ಇಪ್ಪತ್ತು-ಮೂವತ್ತು ಹಿಂದೆ ಮುಂದೆ ಆಗುತ್ತಿರುತ್ತದೆ.

ಲೆಕ್ಕದಟೀಚರ್ · ಜೂನ್ 10, ಸಂಜೆ 5.10

108! ಜಪಮಾಲೆಯೂ ಅಷ್ಟೇ, ಆಂಬುಲೆನ್ಸ್ ನಂಬರೂ ಅದೇ. 76 + 32, ತಾಳೆ ಆಯಿತು. ನಾಳೆ ಏಳನೇ ಕ್ಲಾಸಿಗೆ ಇದೇ ಕೂಡುವ ಲೆಕ್ಕ.

ಹೊಳೆಮತ್ತಿ · ಜೂನ್ 11, ಬೆಳಿಗ್ಗೆ 8.00

ಸೋದರಿ, ಈ ನಂಬರ್ ಎಲ್ಲ ಬಿಡಿ. ಹೊಳೆಮತ್ತಿ ಮರದ ತೊಗಟೆ ಕಷಾಯ ಮಾಡಿ ಹಾಲಿನ ಜೊತೆ ಎರಡು ಹೊತ್ತು ಕುಡಿಯಿರಿ. ಹೃದಯಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಅಜ್ಜ ಅದನ್ನೇ ಕೊಡುತ್ತಿದ್ದರು. ಕೂದಲು, ಚರ್ಮಕ್ಕೂ ಒಳ್ಳೆಯದು.

ರಾತ್ರಿಪಾಳಿ · ಜೂನ್ 11, ಬೆಳಿಗ್ಗೆ 9.20

ಅಣ್ಣಾ, ಅಜ್ಜನ ಮೇಲೆ ಗೌರವ ಇದೆ. ಆದರೆ ತೂತು ಮುಚ್ಚಿಸಿಕೊಂಡವರು ಈಗ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ತಗೊಳ್ಳುತ್ತಿರುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಕೆಲವರಿಗೆ ಮೊದಮೊದಲು ಕ್ಲೋಪಿಡೊಗ್ರೆಲ್ ಕೂಡ ಇರುತ್ತದೆ. ಅದರ ಜೊತೆ ಏನು ಕುಡಿಯಬೇಕಾದರೂ ಅವರ ಡಾಕ್ಟರನ್ನು ಕೇಳಿಯೇ ಕುಡಿಯಲಿ. ತೂತನ್ನಂತೂ ಯಾವ ಕಷಾಯವೂ ಮುಚ್ಚುವುದಿಲ್ಲ.

ಲ್ಯಾಬ್‌ಒಳಗಿಂದ · ಜೂನ್ 11, ಬೆಳಿಗ್ಗೆ 10.05

ಕೂದಲು ಅಂದಾಗ ನೆನಪಾಯಿತು. ಟೀಚರ್, ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತೀರಾ?

ಲೆಕ್ಕದಟೀಚರ್ · ಜೂನ್ 11, ಬೆಳಿಗ್ಗೆ 10.40

ಹೌದು! 10 ಮಿಲಿಗ್ರಾಂ. ನಿಮಗೆ ಹೇಗೆ ಗೊತ್ತಾಯಿತು?

ಲ್ಯಾಬ್‌ಒಳಗಿಂದ · ಜೂನ್ 11, ಬೆಳಿಗ್ಗೆ 11.15

ಸ್ಟಾಫ್ ರೂಮಿನಲ್ಲಿ ಅರ್ಧ ಜನ ತಿನ್ನುತ್ತಾರೆ, ಅದಕ್ಕೆ ಕೇಳಿದೆ. ಕೆಲವು ಕಂಪನಿಗಳ ಟೆಸ್ಟ್ ಕಿಟ್ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತವೆ. ನಿಮ್ಮ ರಕ್ತದಲ್ಲಿ ಅದು ರಾಶಿ ಇದ್ದರೆ ಟ್ರೋಪೋನಿನ್ ಥರದ ಟೆಸ್ಟುಗಳು ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಟ್ರೋಪೋನಿನ್ ತಪ್ಪಾಗಿ ಕಮ್ಮಿ ಬಂದು ಒಬ್ಬ ರೋಗಿ ಸತ್ತ ವಿಷಯವೂ ಅದರಲ್ಲಿತ್ತು. ಮುಂದಿನ ಸಲ ರಕ್ತ ಕೊಡುವ ಮುಂಚೆ ಎಷ್ಟು ದಿನ ನಿಲ್ಲಿಸಬೇಕು ಅಂತ ಲ್ಯಾಬಿನಲ್ಲಿ ಕೇಳಿ. ಡಾಕ್ಟರಿಗೂ ಹೇಳಿ. ವಿಟಮಿನ್ ತಾನೇ ಅಂತ ಯಾರೂ ಹೇಳುವುದಿಲ್ಲ, ಅದೇ ಸಮಸ್ಯೆ.

ನೀಲಿಕೂಸು · ಜೂನ್ 14, ರಾತ್ರಿ 1.30

ಇಲ್ಲಿ ಎಲ್ಲ ಎಎಸ್‌ಡಿಯವರೇ. ನಾನೊಬ್ಬಳು ಬೇರೆ ಪಂಗಡ, ಸೇರಿಸಿಕೊಳ್ಳಿ. ಟೆಟ್ರಾಲಜಿ ಆಫ್ ಫ್ಯಾಲೋ, ಹುಟ್ಟಿನಿಂದಲೇ ಬರುವ ಇನ್ನೊಂದು ಥರದ ಹೃದಯದ ದೋಷ. ಹುಟ್ಟಿದಾಗ ತುಟಿ, ಉಗುರು ಎಲ್ಲ ನೀಲಿ. ಎರಡು ವರ್ಷದ ಮಗುವಾಗಿದ್ದಾಗ ಬೆಂಗಳೂರಿನಲ್ಲಿ ಆಪರೇಶನ್ ಆಯಿತು. ಈಗ 29. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ ಕೆಲಸ.

ನಮ್ಮಮ್ಮ "ನಿನ್ನದು ಗುಣ ಆಗಿದೆ" ಅಂತಲೇ ಬೆಳೆಸಿದಳು. ಅವಳ ತಪ್ಪಲ್ಲ, ಆಗ ಹಾಗೇ ಹೇಳುತ್ತಿದ್ದರು. ಆದರೆ ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು ಅಂತ ಅಗಲ ಮಾಡುವಾಗ ಅಲ್ಲಿನ ಕವಾಟ ಕೆಲಸಕ್ಕೆ ಬಾರದ ಹಾಗೆ ಆಗಿತ್ತು. ಇಪ್ಪತ್ತೈದು ವರ್ಷ ಅದು ಸೋರುತ್ತಲೇ ಇತ್ತು. ನನಗೆ ಏನೂ ಅನ್ನಿಸಲಿಲ್ಲ. ಎಂಆರ್‌ಐ ಮಾಡಿದರೆ ಬಲ ಕೆಳಕೋಣೆ 168 ಅಂತ ಬಂತು. ದೇಹದ ಅಳತೆಗೆ ಹೊಂದಿಸಿದ ಮಿಲಿಲೀಟರ್ ಲೆಕ್ಕ ಅದು. 150-160 ದಾಟಿದರೆ ಕವಾಟ ಬದಲಿಸುವ ಮಾತು ಬರುತ್ತದೆ, ತೀರಾ ಹಿಗ್ಗಿದ ಮೇಲೆ ಅದು ವಾಪಸ್ ಕುಗ್ಗುವುದಿಲ್ಲವಂತೆ. ಹೋದ ವರ್ಷ ಹೊಸ ಕವಾಟ ಹಾಕಿದರು. ಈಗ 112.

ನನ್ನ ಪ್ರಶ್ನೆ: ಕವಾಟ ಬದಲಿಸುವ ಮೊದಲು ಎನ್‌ಟಿ-ಪ್ರೊಬಿಎನ್‌ಪಿ 31, ಈಗ 17. ಟೀಚರ್ ಅಕ್ಕನ 540 ನೋಡಿ ನನಗೆ ನಾನೇ ಒಲಿಂಪಿಕ್ ಓಟಗಾರ್ತಿ ಅನ್ನಿಸುತ್ತಿದೆ. ಇಷ್ಟು ಕಮ್ಮಿ ಇದ್ದೂ ಯಾಕೆ ಮಾತ್ರೆ ಕೊಡುತ್ತಿದ್ದಾರೆ?

ಲ್ಯಾಬ್‌ಒಳಗಿಂದ · ಜೂನ್ 14, ಬೆಳಿಗ್ಗೆ 7.50

ರಿಪೋರ್ಟಿನಲ್ಲಿ ನಂಬರ್ ಪಕ್ಕ ಏನು ಬರೆದಿದೆ? ಪಿಕೋಗ್ರಾಮಾ, ಪಿಕೋಮೋಲಾ?

ನೀಲಿಕೂಸು · ಜೂನ್ 14, ಮಧ್ಯಾಹ್ನ 12.10

ಲೀಟರಿಗೆ ಪಿಕೋಮೋಲ್. ಅಯ್ಯೋ.

ಲೆಕ್ಕದಟೀಚರ್ · ಜೂನ್ 14, ಮಧ್ಯಾಹ್ನ 12.45

ಇದು ನನ್ನ ಏರಿಯಾ. ಲೀಟರಿಗೆ ಒಂದು ಪಿಕೋಮೋಲ್ ಅಂದರೆ ನಮ್ಮ ಲೆಕ್ಕದಲ್ಲಿ ಮಿಲಿಲೀಟರಿಗೆ 8.457 ಪಿಕೋಗ್ರಾಂ ಅಂತ ಹುಡುಕಿ ತೆಗೆದೆ. 31 × 8.457 = 262. 17 × 8.457 = 144. ಬಾ ತಂಗಿ, ನಮ್ಮ ಬೆಂಚಿಗೇ ಬಾ.

ಲ್ಯಾಬ್‌ಒಳಗಿಂದ · ಜೂನ್ 14, ಮಧ್ಯಾಹ್ನ 1.00

ಲೆಕ್ಕ ಸರಿ. ಲೀಟರಿಗೆ ನ್ಯಾನೋಗ್ರಾಂ ಅಂತ ಇದ್ದರೆ ಮಾತ್ರ ಏನೂ ಗುಣಿಸಬೇಡಿ. ಅದೂ ನಮ್ಮ ಮಿಲಿಲೀಟರಿಗೆ ಪಿಕೋಗ್ರಾಮೂ ಒಂದೇ.

ರಾತ್ರಿಪಾಳಿ · ಜೂನ್ 15, ಬೆಳಗಿನ ಜಾವ 3.40

ನೀಲಿಕೂಸು ಇರುವ ದೇಶದ್ದೇ ಒಂದು ಅಧ್ಯಯನ ನೆನಪಾಯಿತು. ರಾಟರ್‌ಡ್ಯಾಮಿನ ಎರಾಸ್ಮಸ್ ಆಸ್ಪತ್ರೆಯವರು ಹುಟ್ಟು ಹೃದ್ರೋಗ ಇರುವ 595 ವಯಸ್ಕರ ರಕ್ತ ತೆಗೆದು ಕೆಲವು ವರ್ಷ ಹಿಂಬಾಲಿಸಿದರು. 2017ರಲ್ಲಿ ಪ್ರಕಟ ಆಯಿತು. ಎನ್‌ಟಿ-ಪ್ರೊಬಿಎನ್‌ಪಿ, ಟ್ರೋಪೋನಿನ್-ಟಿ, ಜಿಡಿಎಫ್-15 ಅನ್ನುವ ಇನ್ನೊಂದು ಪ್ರೋಟೀನ್, ಮೂರನ್ನೂ ಅಳೆದಿದ್ದರು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಕಮ್ಮಿ ನಂಬರ್ ಇದ್ದವರ ಕಥೆ. 14 ಪಿಕೋಮೋಲ್‌ಗಿಂತ ಕೆಳಗಿದ್ದವರಿಗೆ ಮುಂದೆ ಹಾರ್ಟ್ ಫೇಲ್ಯೂರ್ ಆಗುವುದು, ಸಾಯುವುದು ಬಹಳ ಅಪರೂಪವಾಗಿತ್ತು. ಅಂದರೆ ಈ ಟೆಸ್ಟ್ ಧೈರ್ಯ ಹೇಳುವುದರಲ್ಲಿ ಗಟ್ಟಿ. ಏರಿದ್ದರೆ "ಯಾಕೆ ಅಂತ ಹುಡುಕು" ಅನ್ನುತ್ತದೆ ಅಷ್ಟೇ.

ತಂಗಿ, ಮಾತ್ರೆ ಯಾಕೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಟೆಟ್ರಾಲಜಿಯವರಿಗೆ ರಕ್ತದ ನಂಬರಿಗಿಂತ ಎಂಆರ್‌ಐ, ಇಸಿಜಿ ಮುಖ್ಯ. ಇಸಿಜಿಯಲ್ಲಿ ಕ್ಯೂಆರ್‌ಎಸ್, ಅಂದರೆ ಕೆಳಕೋಣೆಗಳ ಬಡಿತದ ಗೆರೆ, ಅಗಲ ಆಗುತ್ತಾ ಹೋಗಿ 180 ಮಿಲಿಸೆಕೆಂಡ್ ದಾಟಿದರೆ ಬಡಿತ ಕೆಡುವ ಅಪಾಯ ಜಾಸ್ತಿ. ನಿಮ್ಮದೆಷ್ಟು ಅಂತ ಗೊತ್ತಿರಲಿ.

ಬೀಟ್‌ತಪ್ಪಿದವ · ಜೂನ್ 15, ಬೆಳಿಗ್ಗೆ 7.00

ನಿಮ್ಮ 144, 540 ಎಲ್ಲ ಕೇಳಿ ನಗು ಬರ್ತದ. ನನ್ನದು ಏಳು ವರ್ಷದಿಂದ 900ರ ಆಸುಪಾಸು. ಆಪರೇಶನ್ ಚಲೋ ಆಗಿದೆ. ಪ್ಯಾಚ್ ಸೋರೂದಿಲ್ಲ. ಬಲ ಕೆಳಕೋಣೆ ಕುಗ್ಗಿ ಬರೋಬ್ಬರಿ ಆಗಿದೆ. ಆದರೂ ಈ ನಂಬರ್ ಇಳಿಯಲೇ ಇಲ್ಲ. ಆಪರೇಶನ್‌ಗೆ ಎರಡು ವರ್ಷ ಮೊದಲೇ ಬಡಿತ ತಪ್ಪಿತ್ತು, ಏಟ್ರಿಯಲ್ ಫಿಬ್ರಿಲೇಶನ್. ಅದು ಮಾತ್ರ ಹೋಗಲಿಲ್ಲ. ಡಾಕ್ಟರೇ, ಇದು ಯಾಕೆ ಹೀಗೆ? ಹೋದಲ್ಲೆಲ್ಲ "ವಯಸ್ಸು" ಅಂತ ಹೇಳಿ ಕಳಿಸಿಬಿಡ್ತಾರೆ.

ಹಂಗೇ ಒಂದು ಹಳೇ ಕಥೆ, ನಮ್ಮ ಪಂಗಡದ್ದೇ. ಹಾರ್ಟ್-ಲಂಗ್ ಮಷೀನ್ ಮೊದಲ ಸಲ ಮನುಷ್ಯರ ಮೇಲೆ ಗೆದ್ದದ್ದು 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ. ಡಾಕ್ಟರ್ ಜಾನ್ ಗಿಬ್ಬನ್. ರೋಗಿ 18 ವರ್ಷದ ಹುಡುಗಿ. ಕಾಯಿಲೆ ಇದೇ ಎಎಸ್‌ಡಿ! 26 ನಿಮಿಷ ಆ ಮಷೀನೇ ಆಕೆಯ ಹೃದಯ, ಶ್ವಾಸಕೋಶ ಎರಡೂ ಆಗಿತ್ತು. ನನ್ನನ್ನು ಆ ಮಷೀನಿಗೆ ಹಾಕುವ ಹಿಂದಿನ ರಾತ್ರಿ ಇದನ್ನು ಓದಿ ಧೈರ್ಯ ತಗೊಂಡಿದ್ದೆ.

ರಾತ್ರಿಪಾಳಿ · ಜೂನ್ 16, ಬೆಳಗಿನ ಜಾವ 2.55

ಸರ್, ಬರೀ ವಯಸ್ಸಲ್ಲ. ಮೇಲಿನ ಕೋಣೆಗಳು ಲಯ ತಪ್ಪಿ ನಡುಗುತ್ತಿದ್ದರೆ ಎನ್‌ಟಿ-ಪ್ರೊಬಿಎನ್‌ಪಿ ಅದೊಂದರಿಂದಲೇ ಜಾಸ್ತಿ ಇರುತ್ತದೆ. ಕೆಳಕೋಣೆ ಚೆನ್ನಾಗಿದ್ದರೂ ಅಷ್ಟೇ. ಬಲ ಕೆಳಕೋಣೆ ಬೇಗ ಕುಗ್ಗುತ್ತದೆ. ಮುಚ್ಚಿದ ಮಾರನೇ ದಿನದ ಎಕೋದಲ್ಲೇ ವ್ಯತ್ಯಾಸ ಕಾಣಬಹುದು. ಬಹುಪಾಲು ಕೆಲಸ ಮೊದಲ ಆರು ತಿಂಗಳು, ಒಂದು ವರ್ಷದೊಳಗೆ ಮುಗಿಯುತ್ತದೆ. ಮೇಲಿನ ಕೋಣೆ ಹಾಗಲ್ಲ. ನಲವತ್ತು-ಐವತ್ತು ವರ್ಷ ಹಿಗ್ಗಿ, ಒಳಗೆ ಗಾಯದ ಕಲೆ ಥರ ನಾರು ಕಟ್ಟಿಕೊಂಡಿರುತ್ತದೆ. ತೂತು ಮುಚ್ಚಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಅದಕ್ಕೇ ಯಾವ ವಯಸ್ಸಿನಲ್ಲಿ ಮುಚ್ಚಿದರು ಅನ್ನುವುದು ದೊಡ್ಡ ಮಾತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1956ರಿಂದ 1960ರವರೆಗೆ ಎಎಸ್‌ಡಿ ಆಪರೇಶನ್ ಆದ 123 ಮಂದಿಯನ್ನು ಮೂವತ್ತು ವರ್ಷದ ಹತ್ತಿರ ಹಿಂಬಾಲಿಸಿ 1990ರಲ್ಲಿ ವರದಿ ಮಾಡಿದರು. 25 ತುಂಬುವ ಮೊದಲು ಮುಚ್ಚಿಸಿಕೊಂಡವರ ಆಯಸ್ಸು ಉಳಿದ ಜನರಷ್ಟೇ ಇತ್ತು. 41 ದಾಟಿದ ಮೇಲೆ ಮುಚ್ಚಿಸಿಕೊಂಡವರದ್ದು ಅಷ್ಟಿರಲಿಲ್ಲ. ಇದನ್ನು ಓದಿ ಟೀಚರ್ ಮತ್ತೆ ನಿದ್ದೆ ಬಿಡಬೇಡಿ. ಅದು ಎದೆ ತೆರೆಯುತ್ತಿದ್ದ, ಎಕೋ ಇಲ್ಲದ ಕಾಲ. ತಡವಾಗಿ ಮುಚ್ಚಿದರೂ ಏದುಸಿರು ಕಮ್ಮಿ ಆಗುತ್ತದೆ, ಬಲಗಡೆ ಕುಗ್ಗುತ್ತದೆ. ಇದನ್ನು ದಿನಾ ನೋಡುತ್ತೇವೆ.

ಸರ್, ನಿಮ್ಮ ಬಡಿತಕ್ಕೆ ಅಬ್ಲೇಶನ್, ಅಂದರೆ ಲಯ ಕೆಡಿಸುವ ಜಾಗವನ್ನು ಒಳಗಿನಿಂದ ಸುಡುವ ಚಿಕಿತ್ಸೆ, ಮಾಡಬಹುದಾ ಅಂತ ಬಡಿತದ ಸ್ಪೆಷಲಿಸ್ಟ್ ಒಬ್ಬರಿಗೆ ತೋರಿಸಿದ್ದೀರಾ?

ಬೀಟ್‌ತಪ್ಪಿದವ · ಜೂನ್ 16, ಬೆಳಿಗ್ಗೆ 7.10

ಇಲ್ಲ. ಯಾರೂ ಹೇಳಲೇ ಇಲ್ಲ. ಕೇಳ್ತೇನೆ.

ಸುಮ್ನೆಓದೋನು · ಜೂನ್ 20, ರಾತ್ರಿ 11.50

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನನ್ನ ಅಕ್ಕನಿಗೆ 36. ಅವಳಿಗೂ ತೂತು. ಆದರೆ ಮುಚ್ಚಲು ಆಗುವುದಿಲ್ಲ ಅಂದುಬಿಟ್ಟರು. ಶ್ವಾಸಕೋಶದ ಒತ್ತಡ ಜಾಸ್ತಿ ಆಗಿದೆಯಂತೆ. ಉಗುರು ನೀಲಿ. ನೀವೆಲ್ಲ ನಂಬರ್ ಇಳಿಯಿತಾ ಅಂತ ಮಾತಾಡುವಾಗ ನಮಗೆ ಮುಚ್ಚುವ ಭಾಗ್ಯವೂ ಇಲ್ಲವಲ್ಲ ಅನ್ನಿಸುತ್ತದೆ. ದುಡ್ಡಿನ ಸಮಸ್ಯೆ ಅಲ್ಲ. ಬೇರೆ ಕಡೆ ತೋರಿಸಿದರೆ ಮುಚ್ಚಬಹುದಾ?

ರಾತ್ರಿಪಾಳಿ · ಜೂನ್ 21, ಬೆಳಗಿನ ಜಾವ 5.00

ತಮ್ಮಾ, ಎರಡನೇ ಅಭಿಪ್ರಾಯ ಖಂಡಿತ ತಗೊಳ್ಳಿ. ಆದರೆ "ನಾವು ಮುಚ್ಚುತ್ತೇವೆ" ಅಂತ ಸಲೀಸಾಗಿ ಹೇಳುವವರ ಹತ್ತಿರ ಹುಷಾರು. ಶ್ವಾಸಕೋಶದ ರಕ್ತನಾಳ ಗಡುಸಾಗಿ ರಕ್ತ ಬಲದಿಂದ ಎಡಕ್ಕೆ ಹರಿಯಲು ಶುರುವಾದರೆ ಅದಕ್ಕೆ ಐಸೆನ್‌ಮೆಂಗರ್ ಅನ್ನುತ್ತೇವೆ. ಆಗ ಆ ತೂತು ಪ್ರೆಶರ್ ಕುಕ್ಕರ್ ವಿಶಲ್ ಇದ್ದ ಹಾಗೆ. ಮುಚ್ಚಿದರೆ ಬಲಗಡೆ ಹೃದಯ ಸೋತುಹೋಗುತ್ತದೆ. ಕ್ಯಾತ್ ಲ್ಯಾಬಿನಲ್ಲಿ ರಕ್ತನಾಳದೊಳಗೆ ನಳಿಗೆ ಕಳಿಸಿ ಒತ್ತಡ ಅಳೆದು ನಿರ್ಧಾರ ಮಾಡಿದ್ದಾರಾ ಅಂತ ಕೇಳಿ. ಬೋಸೆಂಟಾನ್, ಸಿಲ್ಡೆನಾಫಿಲ್ ಥರದ ಮಾತ್ರೆಗಳಿವೆ. ಮೈಯಲ್ಲಿ ಕಬ್ಬಿಣ ಕಮ್ಮಿ ಆಗದ ಹಾಗೆ ನೋಡಿಕೊಳ್ಳಬೇಕು. ಗರ್ಭ ಧರಿಸುವುದು ಪ್ರಾಣಕ್ಕೇ ಅಪಾಯ. ಇದನ್ನು ಮನೆಯವರು ಯಾರಾದರೂ ಅವಳಿಗೆ ಬಿಡಿಸಿ ಹೇಳಿರಲಿ.

ಸುಮ್ನೆಓದೋನು · ಜೂನ್ 21, ಬೆಳಿಗ್ಗೆ 6.15

ಕ್ಯಾತ್ ಮಾಡಿದ್ದಾರೆ. ಆ ಕುಕ್ಕರ್ ಮಾತು ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಓದಿ ಹೇಳುತ್ತೇನೆ.

ಲೆಕ್ಕದಟೀಚರ್ · ಸೆಪ್ಟೆಂಬರ್ 3, ಸಂಜೆ 6.20

ಮೂರು ತಿಂಗಳ ಅಪ್‌ಡೇಟ್!!! ಎನ್‌ಟಿ-ಪ್ರೊಬಿಎನ್‌ಪಿ 61!!! 125ರ ಒಳಗೆ! ನಮ್ಮೂರಿನ ಲ್ಯಾಬಿನಲ್ಲೇ ಮಾಡಿಸಿದೆ. ಬಯೋಟಿನ್ ನಿಲ್ಲಿಸಿ ತಿಂಗಳಾಗಿತ್ತು. ಮನೆಯಲ್ಲಿ ಇವತ್ತು ಹೋಳಿಗೆ. ಮನೆಯವರು "ನಾನು ಹೇಳಿದ್ದೆ" ಅಂತಿದ್ದಾರೆ, ಇರಲಿ ಬಿಡಿ.

ನೀಲಿಕೂಸು · ಸೆಪ್ಟೆಂಬರ್ 3, ರಾತ್ರಿ 9.00

ಅಕ್ಕಾ, ಸೂಪರ್! ಹೋಳಿಗೆ ಪಾರ್ಸೆಲ್ ಕಳಿಸಿ.

ಲ್ಯಾಬ್‌ಒಳಗಿಂದ · ಸೆಪ್ಟೆಂಬರ್ 3, ರಾತ್ರಿ 9.30

ಸಂತೋಷ. ಆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಮೂರೇ ತಿಂಗಳಲ್ಲಿ 540ರಿಂದ 61 ಅಂದರೆ ನನಗೆ ಅನುಮಾನ. ರಿಪೋರ್ಟಿನಲ್ಲಿ ಟೆಸ್ಟಿನ ಹೆಸರು ಇದ್ದ ಹಾಗೇ ಅಕ್ಷರ ಬಿಡದೆ ಬರೆಯಿರಿ.

ಲೆಕ್ಕದಟೀಚರ್ · ಸೆಪ್ಟೆಂಬರ್ 3, ರಾತ್ರಿ 9.55

"ಬಿಎನ್‌ಪಿ, ಪ್ಲಾಸ್ಮಾ." ಕೆಳಗೆ ಸಣ್ಣಕ್ಷರದಲ್ಲಿ 100ರ ಒಳಗೆ ಅಂತಿದೆ. 125 ಅಲ್ಲ.

...32ರ ತುಂಡು.

ಲ್ಯಾಬ್‌ಒಳಗಿಂದ · ಸೆಪ್ಟೆಂಬರ್ 3, ರಾತ್ರಿ 10.05

ಹೌದು. ಕೌಂಟರಿನಲ್ಲಿ ಕೂತವರಿಗೆ ಎರಡೂ ಒಂದೇ ಅನ್ನಿಸಿರುತ್ತದೆ. ಒಂದನ್ನು ಇನ್ನೊಂದಕ್ಕೆ ಗುಣಿಸಿ ಭಾಗಿಸಿ ತರಲು ಆಗುವುದಿಲ್ಲ ಟೀಚರ್, ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ. ನಿಮ್ಮ ನಂಬರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹಳೆಯದಕ್ಕೆ ಹೋಲಿಸಲು ಬರುವುದಿಲ್ಲ ಅಷ್ಟೇ. ಬೆಂಗಳೂರಿಗೆ ಹೋದಾಗ ಮೊದಲಿನ ಲ್ಯಾಬಿನಲ್ಲೇ ಮಾಡಿಸಿ.

ಲೆಕ್ಕದಟೀಚರ್ · ಸೆಪ್ಟೆಂಬರ್ 12, ರಾತ್ರಿ 8.40

ಹೋಗಿ ಬಂದೆ. ಅದೇ ಲ್ಯಾಬ್, ಅದೇ ಟೆಸ್ಟ್: 236. ಹೋಳಿಗೆ ತಿಂದಿದ್ದು ಸ್ವಲ್ಪ ಬೇಗ ಆಯಿತು. ಆದರೂ ಮುಚ್ಚುವ ಮೊದಲಿದ್ದ 310ಕ್ಕಿಂತ ಕಮ್ಮಿ. ಎಕೋದಲ್ಲಿ ಬಲ ಕೆಳಕೋಣೆ 47 ಇದ್ದದ್ದು 42 ಮಿಲಿಮೀಟರ್ ಆಗಿದೆ. ತೂತಿನಲ್ಲಿ ಸೋರಿಕೆ ಇಲ್ಲ.

ಆದರೆ ಟ್ಯಾಪ್ಸೆ ಅಂತ ಒಂದಿದೆ. ಮೊದಲು 27, ಈಗ 20. ಬಲಕೋಣೆಯ ಶಕ್ತಿಯ ಅಳತೆ ಅಂತ ಓದಿದೆ. ಅದು ಇಳಿದರೆ ಕೆಟ್ಟದ್ದಲ್ವಾ? ಮತ್ತೆ ಲ್ಯಾಬಿನವರು ಅಡ್ವಾನ್ಸ್ಡ್ ಹಾರ್ಟ್ ಪ್ಯಾಕೇಜ್ ಮಾಡಿಸಿ ಅಂದರು. ಗ್ಯಾಲೆಕ್ಟಿನ್-3, ಎಸ್‌ಟಿ2 ಅಂತ ಏನೇನೋ. ಬೇಕಾ?

ರಾತ್ರಿಪಾಳಿ · ಸೆಪ್ಟೆಂಬರ್ 13, ಬೆಳಗಿನ ಜಾವ 3.20

ಪ್ಯಾಕೇಜ್ ಬೇಡ. ಅವು ಹೃದಯದಲ್ಲಿ ನಾರು ಕಟ್ಟುವುದರ ಸುಳಿವು ಕೊಡುತ್ತವೆ. ಸಂಶೋಧನೆಗೆ ಸರಿ. ಆ ನಂಬರ್ ಏನೇ ಬಂದರೂ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ಆ ದುಡ್ಡಿಗೆ ಇನ್ನೊಂದು ಸಲ ಹೋಳಿಗೆ ಮಾಡಿ.

ಟ್ಯಾಪ್ಸೆ ಒಳ್ಳೆಯ ಪ್ರಶ್ನೆ. ಬಲಕೋಣೆ ಒಂದೊಂದು ಬಡಿತಕ್ಕೂ ಎಷ್ಟು ಮೇಲೆ ಕೆಳಗೆ ಕುಣಿಯುತ್ತದೆ ಅನ್ನುವ ಅಳತೆ ಅದು. 17ರ ಮೇಲಿದ್ದರೆ ಸರಿ ಅಂತೀವಿ. ತೂತು ಇದ್ದಾಗ ನಿಮ್ಮ ಬಲಕೋಣೆಗೆ ಹೆಚ್ಚಿನ ರಕ್ತ ಬರುತ್ತಿತ್ತು, ಅದನ್ನೆಲ್ಲ ತಳ್ಳಲು ಅದು ಎಗರಾಡುತ್ತಿತ್ತು. ಈಗ ಹೊರೆ ಇಳಿದಿದೆ, ಎಗರಾಟವೂ ಇಳಿದಿದೆ. ಎದೆ ತೆರೆದು ಆಪರೇಶನ್ ಆದವರಲ್ಲಂತೂ ಇದು ಇನ್ನೂ ಜಾಸ್ತಿ ಇಳಿಯುತ್ತದೆ, ಕೋಣೆ ಚೆನ್ನಾಗೇ ಕೆಲಸ ಮಾಡುತ್ತಿದ್ದರೂ.

ಬೀಟ್‌ತಪ್ಪಿದವ · ಸೆಪ್ಟೆಂಬರ್ 13, ಬೆಳಿಗ್ಗೆ 7.05

ನನ್ನ ಟ್ಯಾಪ್ಸೆ 14! ಇದಕ್ಕೂ ಏಳು ವರ್ಷ ತಲೆ ಕೆಡಿಸಿಕೊಂಡಿದ್ದೆ. ಮೊದಲೇ ಹೇಳಬಾರದಿತ್ತಾ ಯಾರಾದರೂ.

ಲೆಕ್ಕದಟೀಚರ್ · ಅಕ್ಟೋಬರ್ 2, ಮಧ್ಯಾಹ್ನ 3.00

ನಡುವೆ ಒಂದು ಪ್ರಶ್ನೆ. ಹಲ್ಲು ಕೀಳಿಸಬೇಕು. ಡೆಂಟಿಸ್ಟ್ "ಹೃದಯದ್ದು ಆಯಿತಲ್ಲ, ಏನೂ ಆಗಲ್ಲ" ಅಂದರು.

ರಾತ್ರಿಪಾಳಿ · ಅಕ್ಟೋಬರ್ 2, ಸಂಜೆ 4.10

ಡಿವೈಸ್ ಹಾಕಿ ಆರು ತಿಂಗಳು ಆಗಿಲ್ಲ. ಅದರ ಮೇಲೆ ನಿಮ್ಮದೇ ಪೊರೆ ಪೂರ್ತಿ ಬೆಳೆಯುವವರೆಗೆ ಸೋಂಕಿನ ಭಯ ಇರುತ್ತದೆ. ಹಲ್ಲು ಕೀಳುವ ಮುಂಚೆ ಆಂಟಿಬಯೋಟಿಕ್ ಬೇಕು. ಇವತ್ತೇ ನಿಮ್ಮ ಕಾರ್ಡಿಯಾಲಜಿಸ್ಟ್‌ಗೆ ಫೋನ್ ಮಾಡಿ.

ಬೀಟ್‌ತಪ್ಪಿದವ · ನವೆಂಬರ್ 22, ರಾತ್ರಿ 8.15

ಡಾಕ್ಟರ್ ತಮ್ಮಾ, ನೀವು ಹೇಳಿದ ಹಾಗೆ ಬಡಿತದ ಸ್ಪೆಷಲಿಸ್ಟ್ ಕಡೆ ಹೋದೆ. ಅಬ್ಲೇಶನ್ ಪ್ರಯತ್ನ ಮಾಡಬಹುದು, ಆದರೆ ಕೋಣೆ ಬಹಳ ಹಿಗ್ಗಿದೆ, ಗ್ಯಾರಂಟಿ ಇಲ್ಲ ಅಂದರು. ಜನವರಿಗೆ ಡೇಟ್ ಕೊಟ್ಟಿದ್ದಾರೆ. ಹೆಂಡತಿ ಬೇಡ ಅಂತಾಳೆ. ಇನ್ನೂ ನಿರ್ಧಾರ ಆಗಿಲ್ಲ.

ಲೆಕ್ಕದಟೀಚರ್ · ಡಿಸೆಂಬರ್ 8, ರಾತ್ರಿ 9.10

ಆರು ತಿಂಗಳಾಯಿತು. ಅದೇ ಲ್ಯಾಬ್, ಅದೇ ಟೆಸ್ಟ್, ಬಯೋಟಿನ್ ಇಲ್ಲ: 148. 125ರ ಒಳಗೆ ಬಂದಿಲ್ಲ. ಬಲಕೋಣೆ 40. ಆಸ್ಪಿರಿನ್ ನಿಲ್ಲಿಸಿದರು. 148 ಯಾಕೆ ಅಂತ ಕೇಳಿದ್ದಕ್ಕೆ ನಮ್ಮ ಡಾಕ್ಟರ್ "ಮುಂದಿನ ವರ್ಷ ಎಕೋ ಜೊತೆ ನೋಡೋಣ" ಅಂದರು. ಜೂನಿನಲ್ಲಾಗಿದ್ದರೆ ಈ ಉತ್ತರಕ್ಕೆ ಅಳುತ್ತಿದ್ದೆ.

ಭಾನುವಾರ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಮೆಟ್ಟಿಲು ಆರುನೂರಕ್ಕೂ ಜಾಸ್ತಿ. ಎರಡು ಕಡೆ ನಿಂತೆ. ಒಂದು ಸಲ ನನಗೋಸ್ಕರ, ಇನ್ನೊಂದು ಸಲ ಮನೆಯವರಿಗೋಸ್ಕರ. ಅವರು ಡೋಲಿಯ ರೇಟ್ ವಿಚಾರಿಸುತ್ತಿದ್ದರು.

ಸರ್, ಜನವರಿ ವಿಷಯ ನಿಮ್ಮ ಮನೆಯವರ ಜೊತೆ ನಾನು ಮಾತಾಡಲಾ? ಹೆಂಗಸರು ಹೆಂಗಸರು ಮಾತಾಡಿದರೆ ಬೇರೆ.

ಬೀಟ್‌ತಪ್ಪಿದವ · ಡಿಸೆಂಬರ್ 9, ಬೆಳಿಗ್ಗೆ 7.00

ಮಾತಾಡ್ರಿ ಮೇಡಂ. ಫೋನ್ ನಂಬರ್ ಒಳಪೆಟ್ಟಿಗೆಗೆ ಕಳಿಸೇನಿ. ಗದ್ದೆ ಲೆಕ್ಕದಿಂದ ಶುರು ಮಾಡ್ರಿ, ಆಕೆ ತವರಿನವರು ಒಕ್ಕಲುತನದವರು.